ಮೌನದ ತಿಂಗಳು

ಬಟ್ಟಿಯ ಮನೆಗೆ ವರ್ಷಕ್ಕೊಂದು ಮೌನದ ತಿಂಗಳು.
ಬೇಸಗೆಯಲ್ಲಿ ತೊರೆ ಸೊರಗಿ, ತಣ್ಣೀರು ಸಾಲದೆ,
ಒಲೆ ಆರಿಸಿ, ತಾಮ್ರ ತಿಕ್ಕಿ, ಸುಣ್ಣ ಬಳಿದು
ಗಂಡಸರು ಹುಲ್ಲು ಕೊಯ್ಯಲು ಹೋಗುತ್ತಿದ್ದರು.
ಡ್ರಮ್‌ಫರ್ನಿನಲ್ಲಿ ಎಂಬತ್ತಮೂರರ ಮೌನದ ತಿಂಗಳು
ಇನ್ನೂ ಮುಗಿದಿಲ್ಲ.

ಹೇಳಿದವಳು ಇಷ್ಬೆಲ್ ಗೆಡ್ಡೀಸ್. ತೊಂಬತ್ತಕ್ಕೆ ಒಂದು ಕಡಿಮೆ.
ನಾನು ಎಲ್ಗಿನ್ ಆಸ್ಪತ್ರೆಯಿಂದ ತಿಂಗಳಿಗೊಮ್ಮೆ ಬಂದು
ಊರವರ ಕಿವಿ ಅಳೆಯುವವಳು; ಮೈಸೂರಲ್ಲಿ ಕಲಿತ ಕಸುಬು.
ನನ್ನ ಹೆಸರು ಇವರ ಬಾಯಲ್ಲಿ ಹೊರಳುವುದಿಲ್ಲ,
ಇವರ ಬೆಟ್ಟಗಳ ಹೆಸರು ನನ್ನ ಬಾಯಲ್ಲಿ. ಲೆಕ್ಕ ಚುಕ್ತಾ.

ಕಟ್ಟಿಸಿದವನು ಹೆಕ್ಟರ್ ಮಕ್‌ಫೇಲ್, ಬಾರ್ಲಿ ವ್ಯಾಪಾರಿ,
ಸಾವಿರದೆಂಟುನೂರ ತೊಂಬತ್ತೇಳರಲ್ಲಿ, ಸಾಲದ ಮೇಲೆ.
ರೈಲು ಬರುತ್ತದೆಂದು ಬಾಗಿಲು ದೊಡ್ಡದಿಟ್ಟ.
ರೈಲು ಮೂರು ಮೈಲಿ ಆಚೆ ಹಾದುಹೋಯಿತು.
ಮೊದಲ ಪೀಪಾಯಿ ಮಾಗುವ ಮುನ್ನ ಅವನು ದಿವಾಳಿ.
ಆಮೇಲೆ ಕೈಯಿಂದ ಕೈಗೆ. ಯುದ್ಧ ಬಂದಾಗ
ಬಾರ್ಲಿ ರೊಟ್ಟಿಗಾಯಿತು,
ಮೊಳಕೆ ಹರಡುವ ಅಟ್ಟದಲ್ಲಿ ಸಿಪಾಯಿಗಳು ಮಲಗಿದರು.
ಒಬ್ಬ ತೊಲೆಯ ಮೇಲೆ ಚಾಕುವಿನಿಂದ ಕೊರೆದ:
‘ಇಲ್ಲಿ ರೇಷನ್ನಿಗೆ ವಾಸನೆ ಮಾತ್ರ.’

ಇಷ್ಬೆಲಳ ಗಂಡ ಟಾರ್ಕ್ವಿಲ್ ಹಂಡೆಯ ಮನೆಯವನು.
ಹಂಡೆ ಸವೆದರೆ, ಹೊಸದನ್ನು ಬಡಿವ ಕಂಚುಗಾರ
ಹಳೆಯದರ ನೆಗ್ಗು ಎಲ್ಲಿತ್ತೋ ಅಲ್ಲೇ ನೆಗ್ಗಿಸುತ್ತಿದ್ದನಂತೆ.
ರುಚಿ ಎಲ್ಲಿ ಅಡಗಿ ಕೂತಿದೆಯೋ ಬಲ್ಲವರಾರು?
ಅಮ್ಮನಿಗೆ ಸಾರಿಗೆ ಆ ಸೊಟ್ಟ ಪಾತ್ರೆಯೇ ಆಗಬೇಕಿತ್ತು;
ನಾನು ವಾದಿಸಲಿಲ್ಲ.

ತಳ ಹತ್ತದಂತೆ ಹಂಡೆಯೊಳಗೆ ಸರಪಳಿ ಸುತ್ತುತ್ತಿತ್ತು,
ತಾಮ್ರದ ಮೇಲೆ ತಾಮ್ರ, ಹಗಲೂ ಇರುಳೂ, ಗರಗರ ಗರಗರ.
ಮೊದಲು ಟಾರ್ಕ್ವಿಲನ ಬಲಗಿವಿ ಹೋಯಿತು, ಆಮೇಲೆ ಎಡ.
ಇಳಿದ ಸಾರಾಯಿಗೆ ಎರಡು ಬೀಗ:
ಮ್ಯಾನೇಜರನದೊಂದು ಕೀಲಿ, ಅಬಕಾರಿ ಸಾಹೇಬನದೊಂದು.
ಪ್ಯಾಂಟಿನೊಳಗೆ ಇಳಿಬಿಟ್ಟ ಕೊಳವೆಗೆ ಮಾತ್ರ ಬೀಗವಿಲ್ಲ.
‘ನಾಯಿಯನ್ನು ಮನೆಗೆ ಕರೆತಂದೆ’ ಎನ್ನುತ್ತಿದ್ದ ಒಳಬರುತ್ತ.
ಅವರು ನಾಯಿ ಸಾಕಿರಲೇ ಇಲ್ಲ.

ಮತ್ತೆ ಆ ಕಪ್ಪು.
ಪೀಪಾಯಿಯ ಸಂದಿನಿಂದ ವರ್ಷಕ್ಕೆ ನೂರಕ್ಕೆರಡು ಪಾಲು
ಆವಿಯಾಗಿ ಹೋಗುತ್ತದೆ; ಅದು ದೇವತೆಗಳ ಪಾಲಂತೆ.
ದೇವತೆಗಳು ಉಂಡರೋ ಇಲ್ಲವೋ, ಬೂಷ್ಟು ಉಂಡಿತು,
ಉಂಡ ಎಂಜಲುಗೈಯನ್ನು ಗೋದಾಮಿಗೆ, ಸೇಬಿನ ಮರಕ್ಕೆ,
ಚರ್ಚಿನ ಗೋಡೆಗೆ, ಪುಟ್ಟ ಮಕ್ಕಳ ಗೋರಿಗೆ ಒರೆಸಿತು.
ತಂತಿಯ ಮೇಲೆ ಒಣಗಿದ ಬಿಳಿ ಹೊದಿಕೆಗೂ.
ಮೂವತ್ತು ವರ್ಷ ಇಷ್ಬೆಲ್ ಅದನ್ನು ಬೈದಳು.

ಎಡಿನ್‌ಬರದಿಂದ ಕಾಗದ ಬಂತು, ಒಂದೂವರೆ ಪುಟ.
ಹದಿನಾಲ್ಕು ಜನಕ್ಕೆ ಹದಿನಾಲ್ಕು ಪ್ರತಿ.
ಇಲಿ ಹಿಡಿವ ಬೆಕ್ಕಿಗೆ ಕಾಗದ ಬರಲಿಲ್ಲ,
ಅದು ಮುಂದಿನ ಚಳಿಗಾಲದವರೆಗೂ ಡ್ಯೂಟಿ ಮಾಡಿತು.
ಹಂಡೆಗಳನ್ನು ಮಾಡು ಸೀಳಿ ಎತ್ತಿದರು, ಮಂಡಿಯವನು ತೂಗಿದ.
ನೆಗ್ಗಿಗೆ ಬೇರೆ ಬೆಲೆಯಿಲ್ಲ.
ತೊರೆಗೆ ಬೀಳುತ್ತಿದ್ದ ಬಿಸಿನೀರು ನಿಂತು
ಹುಡುಗರು ಈಜುವ ಮಡುವಿನಲ್ಲಿ ಹುಡುಗರಿಲ್ಲ.

ಬೂಷ್ಟಿಗೆ ಸುದ್ದಿ ಮುಟ್ಟಲು ಹತ್ತು ವರ್ಷ ಬೇಕಾಯಿತು.
ಪೀಪಾಯಿಗಳು ಒಂದೊಂದಾಗಿ ಲಾರಿ ಹತ್ತಿದಂತೆ
ಮೊದಲು ಗೋರಿಯ ಅಕ್ಷರಗಳು ಹೊರಬಂದವು.
ಒಂದು ಸೋಮವಾರ ಹೊದಿಕೆ ಮಡಿಸುತ್ತ ನೋಡಿದರೆ
ಒಂದು ಚುಕ್ಕೆಯೂ ಇಲ್ಲ.
‘ಮತ್ತೊಮ್ಮೆ ಒಗೆದೆ,’ ಎಂದಳು. ಯಾಕೆಂದು ನಾನು ಕೇಳಲಿಲ್ಲ.

ಈಗ ಡ್ರಮ್‌ಫರ್ನಿನ ಒಂದು ಬಾಟಲಿ ಹರಾಜಿನಲ್ಲಿ
ಟಾರ್ಕ್ವಿಲನ ಅರ್ಧ ವರ್ಷದ ಸಂಬಳಕ್ಕೆ ಹೋಗುತ್ತದೆ.
ಕೊಂಡವರು ಬಿರಡೆ ತೆಗೆಯುವುದಿಲ್ಲ.

ಹೆಡ್‌ಫೋನು ತೊಡಿಸಿ, ಬೆನ್ನು ಮಾಡಿ ಕೂರಿಸಿ ಹೇಳಿದೆ:
ಸದ್ದು ಎಷ್ಟೇ ಸಣ್ಣದಿರಲಿ, ಕೇಳಿದೊಡನೆ ಕೈಯೆತ್ತಿ.
ಅವಳು ಕಣ್ಣು ಮುಚ್ಚಿದಳು. ಕೈಯೆತ್ತಿದಳು.
ಇಳಿಸಲಿಲ್ಲ.

ನಾನಿನ್ನೂ ಗುಂಡಿ ಒತ್ತಿರಲಿಲ್ಲ.